ಬಂಡೆ ಏರುವ ಆಟ, ಬಂಡೆ ಹೇಳುವ ಇತಿಹಾಸ

ಪುಷ್ಯ ಮಾಸದ ಒಂದು ಮುಂಜಾವು. ತುಂಗಭದ್ರೆಯ ಉತ್ತರ ದಡದಲ್ಲಿ, ಆನೆಗೊಂದಿ ಸುತ್ತಿನ ಭತ್ತದ ಗದ್ದೆಗಳ ಬದುವಿನ ಮೇಲೆ ನಾಲ್ಕಾರು ಯುವಕ ಯುವತಿಯರು ಸಾಲಾಗಿ ನಡೆದು ಹೋಗುತ್ತಾರೆ. ಬೆನ್ನ ಮೇಲೆ ಮಡಚಿದ ದಪ್ಪ ಹಾಸಿಗೆ, ಸೊಂಟದಲ್ಲಿ ಬಿಳಿ ಪುಡಿಯ ಪುಟ್ಟ ಚೀಲ. ಹಾಸಿಗೆ ಹೊತ್ತವರು ಮಲಗಲು ಹೊರಟವರಲ್ಲ. ಬಂಡೆ ಹತ್ತಲು ಹೊರಟವರು. ಹಗ್ಗವಿಲ್ಲ, ಮೊಳೆಯಿಲ್ಲ. ಎರಡಾಳೆತ್ತರದ ಬಂಡೆ, ಬಿದ್ದರೆ ಪೆಟ್ಟಾಗದಿರಲೆಂದು ಕೆಳಗೆ ಹಾಸಿಗೆ, ಸುತ್ತ ಕೈಚಾಚಿ ನಿಂತ ಗೆಳೆಯರು. ಇಷ್ಟೇ ಸಲಕರಣೆ. ಈ ಆಟಕ್ಕೆ ಬೌಲ್ಡರಿಂಗ್ ಎಂದು ಹೆಸರು.

ಶೀತದೇಶದವರು ಹೊಸ ಹಿಮ ಬಿದ್ದ ಬೆಳಗಿಗೆ ಕಾಯುವಂತೆ, ಬಂಡೆ ಹತ್ತುವವರು ಚಳಿಗಾಲದ ಒಣ ಹವೆಗೆ ಕಾಯುತ್ತಾರೆ. ಬಿಸಿಲೇರಿದರೆ ಅಂಗೈ ಬೆವರುತ್ತದೆ, ಕಲ್ಲು ಕಾಯುತ್ತದೆ, ಹಿಡಿತ ಜಾರುತ್ತದೆ. ಆದ್ದರಿಂದ ಹಂಪಿಯ ಸುತ್ತ ಈ ಆಟ ನಡೆಯುವುದು ಹೆಚ್ಚಾಗಿ ನವೆಂಬರಿನಿಂದ ಫೆಬ್ರುವರಿಯವರೆಗೆ. ಅದೂ ಬೆಳಿಗ್ಗೆ ಮತ್ತು ಸಂಜೆ.

ಆಟದ ಬೇರು ಪರದೇಶದ್ದು. ಪ್ಯಾರಿಸ್ ಬಳಿಯ ಫಾಂಟೆನ್‌ಬ್ಲೋ ಕಾಡಿನ ಬಂಡೆಗಳಲ್ಲಿ 19ನೆಯ ಶತಮಾನದ ಕೊನೆಯ ಹೊತ್ತಿಗೆ ಪರ್ವತಾರೋಹಿಗಳು ಕೈಕಾಲು ಪಳಗಿಸುತ್ತಿದ್ದರು. ಅಂಗೈಗೆ ಪುಡಿ ಹಚ್ಚುವ ರೂಢಿಯನ್ನು 1950ರ ದಶಕದಲ್ಲಿ ಬಂಡೆಗೆ ತಂದವನು ಅಮೆರಿಕದ ವ್ಯಾಯಾಮಪಟು ಜಾನ್ ಗಿಲ್. ಹಂಪಿಯ ಹೆಸರು ಈ ಲೋಕದಲ್ಲೆಲ್ಲ ಹರಡಿದ್ದು ಪ್ರಸಿದ್ಧ ಆರೋಹಿ ಕ್ರಿಸ್ ಶರ್ಮಾ ಇಲ್ಲಿಗೆ ಬಂದು ಹೋದ ಮೇಲೆ. ಆ ಪ್ರವಾಸವನ್ನು ಚಿತ್ರಿಸಿದ ‘ಪಿಲ್‌ಗ್ರಿಮೇಜ್’ ಎಂಬ ಸಾಕ್ಷ್ಯಚಿತ್ರ 2003ರಲ್ಲಿ ಬಂತು. ‘ತೀರ್ಥಯಾತ್ರೆ’ ಎಂಬರ್ಥದ ಆ ಹೆಸರು ಹಂಪಿಗೆ ಒಪ್ಪುವಂಥದ್ದೇ.

ಅಷ್ಟಕ್ಕೂ ಈ ಬಂಡೆಗಳಲ್ಲಿ ಅಂಥದ್ದೇನಿದೆ? ಉತ್ತರಕ್ಕಾಗಿ ಸುಮಾರು 250 ಕೋಟಿ ವರ್ಷ ಹಿಂದಕ್ಕೆ ಹೋಗಬೇಕು. ನೆಲದಾಳದಲ್ಲಿ ಕರಗಿದ ಶಿಲಾರಸ ನಿಧಾನವಾಗಿ ತಣಿದು ಗ್ರಾನೈಟ್ ಆಯಿತು. ರಾಮನಗರದ ಹಳೆಯ ಹೆಸರಿನಿಂದ ‘ಕ್ಲೋಸ್‌ಪೇಟೆ ಗ್ರಾನೈಟ್’ ಎನಿಸಿಕೊಂಡ ಶಿಲಾಪಟ್ಟಿ ಅಲ್ಲಿಂದ ಉತ್ತರಕ್ಕೆ ಈ ಸೀಮೆಯವರೆಗೂ ಚಾಚಿಕೊಂಡಿದೆ. ಕಲ್ಲಿನಲ್ಲಿ ಅಡ್ಡ ಉದ್ದ ಬಿರುಕುಗಳು ಮೂಡಿದವು. ಬಿರುಕಿಗೆ ನೀರು ಇಳಿಯಿತು. ಮೂಲೆಗಳು ಕೊಳೆತು ದುಂಡಗಾದವು. ಮೇಲಿನ ಮಣ್ಣು ಕೊಚ್ಚಿಹೋದಾಗ ಉಳಿದದ್ದು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗುಂಡುಗಳು. ಗ್ರಾನೈಟಿನ ಹರಳುಗಳೇ ಉರುಟು ಮೈಗೆ ಕಾರಣ. ಆ ಉರುಟೇ ಬೆರಳಿಗೆ ಹಿಡಿತ.

ಹೊಸಪೇಟೆಯ ದಕ್ಷಿಣಕ್ಕೆ ಕಾಣುವ ಸಂಡೂರು ಬೆಟ್ಟಸಾಲಿನ ಗುಣವೇ ಬೇರೆ. ಅದು ಈ ಗ್ರಾನೈಟಿಗಿಂತಲೂ ಹಳೆಯದು. ಪದರು ಪದರಾದ ಶಿಲೆ, ಒಡಲು ತುಂಬ ಕಬ್ಬಿಣ, ಮ್ಯಾಂಗನೀಸ್ ಅದಿರು. ಒಂದು ಕಲ್ಲು ಮೈಯೊಡ್ಡಿ ನಿಂತಿತು, ಇನ್ನೊಂದು ಲಾರಿಯೇರಿತು. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಒಡ್ಡುವ ಹೊತ್ತಿಗೆ ಅಲ್ಲಿನ ಎಷ್ಟೋ ಗುಡ್ಡಗಳ ಆಕಾರವೇ ಬದಲಾಗಿತ್ತು.

ಬಂಡೆಗಳ ಬೆಲೆ ಮೊದಲು ತಿಳಿದವರು ಕ್ರೀಡಾಪಟುಗಳಲ್ಲ, ದೊರೆಗಳು. ನದಿಯ ಕೆಳಹರಿವಿನ ಕಂಪ್ಲಿಯ ಹೆಸರು ಹೊತ್ತ ಕಂಪಿಲರಾಯನ ರಾಜ್ಯ ಗುಡ್ಡದ ಕೋಟೆ ಕುಮ್ಮಟದುರ್ಗವನ್ನೇ ನೆಚ್ಚಿಕೊಂಡಿತ್ತು. 1327ರಲ್ಲಿ ತುಘಲಕನ ಸೈನ್ಯಕ್ಕೆ ಅದು ಉರುಳಿತು. ಒಂಬತ್ತು ವರ್ಷಗಳ ನಂತರ, 1336ರಲ್ಲಿ ತಲೆ ಎತ್ತಿತೆನ್ನಲಾದ ವಿಜಯನಗರವೂ ಬಂಡೆಗಳ ಮರೆಯನ್ನೇ ಆರಿಸಿಕೊಂಡಿತು. ಗುಡ್ಡದಿಂದ ಗುಡ್ಡಕ್ಕೆ ಗೋಡೆ ಕಟ್ಟಿದರೆ ಸಾಕು, ಉಳಿದ ಕೋಟೆಯನ್ನು ಪ್ರಕೃತಿಯೇ ಕಟ್ಟಿಕೊಟ್ಟಿತ್ತು. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಹೊರಕೋಟೆಯ ಮುಂದೆ ಕುದುರೆಗಳು ನುಗ್ಗದಂತೆ ಆಳೆತ್ತರದ ಕಲ್ಲುಗಳನ್ನು ಹುಗಿದಿದ್ದನ್ನು ಬರೆದಿಟ್ಟಿದ್ದಾನೆ.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ಕಣ್ಣಿಗೂ ಮೊದಲು ಬಿದ್ದ ವಿಚಿತ್ರಗಳಲ್ಲಿ ಈ ಗುಡ್ಡಗಳು ಸೇರಿದ್ದವು. ಒಂದಕ್ಕೊಂದು ತಾಕದೆ ಗಾಳಿಯಲ್ಲೇ ನಿಂತಿವೆಯೋ ಎಂಬಂತೆ ಅವನಿಗೆ ಕಂಡವು. ನಗರ ನೋಡಲೆಂದು ಅವನೂ ಒಂದು ಗುಡ್ಡ ಹತ್ತಿದ. ಬೆಟ್ಟಗಳ ಮರೆಯಿಂದಾಗಿ ಪೂರ್ತಿ ಕಾಣಲಿಲ್ಲ, ಕಂಡಷ್ಟೇ ರೋಮ್ ನಗರದಷ್ಟಿದೆ ಎಂದುಕೊಂಡ. ಮೈ ದಂಡಿಸುವ ಹುರುಪು ಇಲ್ಲಿಗೆ ಹೊಸದಲ್ಲವೆಂಬುದಕ್ಕೂ ಅವನೇ ಸಾಕ್ಷಿ. ಅರಸ ನಸುಕಿಗೆ ಮುಂಚೆಯೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆ ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿವರಸೆ ಆಡಿ, ಜಟ್ಟಿಯೊಡನೆ ಕುಸ್ತಿ ಹಿಡಿದು, ಆಮೇಲೆ ಕುದುರೆ ಓಡಿಸುತ್ತಿದ್ದನಂತೆ.

ಬಂಡೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಮಾತ್ರ ಕಲ್ಲುಕುಟಿಗ. ಇಂದು ಗೆಳೆಯರ ಗುಂಪು ಹಿಡಿತ ಹುಡುಕುತ್ತ ಬಂಡೆ ಸುತ್ತುವಾಗ, ಅದರ ಅಂಚಿನಲ್ಲಿ ಸಾಲು ಗುಳಿಗಳು ಕಾಣುವುದುಂಟು. ಗುಳಿ ಕೊರೆದು, ಬೆಣೆ ಜಡಿದು, ಬಂಡೆಯನ್ನು ನೇರಗೆರೆಯಲ್ಲಿ ಸೀಳಿದ ಗುರುತು ಅದು. ಕೆಲವೆಡೆ ಗುಳಿ ಕೊರೆದದ್ದಷ್ಟೇ, ಬಂಡೆ ಸೀಳಿಲ್ಲ. ಕೆಲಸ ಅರ್ಧಕ್ಕೇ ನಿಂತಿದೆ. ಒಂದೇ ಬಂಡೆಯಲ್ಲಿ ಮೂಡಿದ ಸುಮಾರು 22 ಅಡಿಯ ಲಕ್ಷ್ಮೀನರಸಿಂಹ (1528) ಇದೇ ವಿದ್ಯೆಯ ಶಿಖರ. ಗುಂಡುಗಳನ್ನು ವಾಲಿ ಸುಗ್ರೀವರ ಕಾಳಗಕ್ಕೆ ಜೋಡಿಸುವ ಕಿಷ್ಕಿಂಧೆಯ ಕಥೆಯನ್ನೂ ಸೇರಿಸಿದರೆ, ಇಲ್ಲಿ ಯಾರಿಗೂ ಸೇರದ ಬರಿಯ ಕಲ್ಲು ಎಂಬುದೇ ಇಲ್ಲ.

ತೊಡಕು ಹುಟ್ಟುವುದು ಇಲ್ಲಿಯೇ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನದಿಗೆ ಅಡ್ಡಲಾಗಿ ಕಟ್ಟತೊಡಗಿದ್ದ ಸೇತುವೆಗಳ ಕಾರಣ 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲಿತ್ತು. ಬಂಡೆ ಹತ್ತುವವರು ತಂಗುತ್ತಿದ್ದ ವಿರೂಪಾಪುರ ಗಡ್ಡೆಯ ವಸತಿಗೃಹಗಳನ್ನು ಅಕ್ರಮವೆಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ 2020ರಲ್ಲಿ ಕೆಡವಲಾಯಿತು. ಪರಂಪರೆ ಉಳಿಯಿತೆಂದು ಸಮಾಧಾನಪಟ್ಟವರಿದ್ದಂತೆ, ಅನ್ನ ಹೋಯಿತೆಂದು ನೊಂದವರೂ ಇದ್ದರು. ಎರಡೂ ಸುಳ್ಳಲ್ಲ. ಅದರ ಹಿಂದಿನ ವರ್ಷವಷ್ಟೇ, ಹಂಪಿಯ ಕಂಬ ಉರುಳಿಸಿದ ಯುವಕರಿಂದಲೇ ಕಂಬವನ್ನು ಮತ್ತೆ ನಿಲ್ಲಿಸಲು ನ್ಯಾಯಾಲಯ ಆದೇಶಿಸಿತ್ತು. ಶತಮಾನಗಳ ಕಾಲ ನಿಂತದ್ದನ್ನು ಕೆಡವಲು ಒಂದು ನಿಮಿಷ ಸಾಕು.

ಆಟಕ್ಕೂ ಇದರಿಂದ ನೀತಿ ಹುಟ್ಟಬೇಕು. ಗುಡಿ, ಮಂಟಪ, ಕೋಟೆಗೋಡೆ ಹತ್ತುವಂತಿಲ್ಲ. ಬಂಡೆಗೆ ಮೊಳೆ ಹೊಡೆಯುವಂತಿಲ್ಲ; ಹಿಡಿತಕ್ಕಾಗಿ ಕೊರೆಯುವಂತಿಲ್ಲ. ದರೋಜಿಯ ಕರಡಿಗಳಿಗೆ ಇಂಥ ಬಂಡೆಗಳ ಪೊಟರೆಯೇ ಮನೆ ಎಂಬುದೂ ನೆನಪಿರಬೇಕು.

ಹೊತ್ತು ಇಳಿದಾಗ ಗುಂಪು ಹಾಸಿಗೆ ಮಡಚುತ್ತದೆ. ಹೊರಡುವ ಮುಂಚೆ ಬಲ್ಲವರು ಮಾಡುವ ಕೊನೆಯ ಕೆಲಸ ಒಂದಿದೆ: ಪುಟ್ಟ ಬ್ರಷ್ ಹಿಡಿದು ಬಂಡೆಗೆ ಮೆತ್ತಿದ ಬಿಳಿ ಪುಡಿ ಉಜ್ಜಿ ತೆಗೆಯುವುದು. ಕಲ್ಲುಕುಟಿಗನ ಗುಳಿ ಐದು ಶತಮಾನ ಕಳೆದರೂ ಮಾಸಿಲ್ಲ. ಹತ್ತಿದವನ ಗುರುತು ಮರುದಿನಕ್ಕೆ ಉಳಿಯದಿದ್ದರೆ, ಅದೇ ಆಟದ ಗೆಲುವು.