ಬೋರ್ ಘಟ್ಟದ ತ್ಯಕ್ತ ಮಾರ್ಗಗಳು

ಪುಣೆಯಿಂದ ಮುಂಬಯಿಗೆ ಹೋಗುವ ಪ್ರಯಾಣಿಕನಿಗೆ ಖಂಡಾಳೆಯಾಚೆ ಸಿಗುವ ಬೋರ್ ಘಟ್ಟವು ಇಂದು ಕೆಲವೇ ನಿಮಿಷಗಳ ಇಳಿಜಾರು. ಆದರೆ ಅದೇ ಕಣಿವೆಯಲ್ಲಿ ಹಳೆಯ ದಾರಿಗಳು ಒಂದರ ಮಗ್ಗುಲಿಗೊಂದು ಬಿದ್ದುಕೊಂಡಿವೆ. ಪ್ರತಿಯೊಂದು ಹೊಸ ಮಾರ್ಗವೂ ತನ್ನ ಹಿಂದಿನದನ್ನು ಅನಾಥವಾಗಿಸಿದೆ.

ಗಾಡಿಗಳು ಸಲೀಸಾಗಿ ಏರಬಲ್ಲ ರಸ್ತೆಯು ಇಲ್ಲಿ ತೆರೆದದ್ದು 1830ರಲ್ಲಿ, ಸರ್ ಜಾನ್ ಮಾಲ್ಕಮ್ ಮುಂಬಯಿಯ ಗವರ್ನರನಾಗಿದ್ದಾಗ. 1858ರಲ್ಲಿ ಖಂಡಾಳೆ-ಪುಣೆ ರೈಲು ಆರಂಭವಾಯಿತು. ಮುಂಬಯಿಯ ಕಡೆಯಿಂದ ಹಳಿಗಳು ಅದಾಗಲೇ ಖೊಪೋಲಿಗೆ ಬಂದಿದ್ದವು. ನಡುವೆ ಉಳಿದದ್ದು ಘಟ್ಟ. ಐದು ವರ್ಷಗಳ ಕಾಲ ಜನರು ರೈಲಿನಿಂದಿಳಿದು, ಪಲ್ಲಕ್ಕಿಯಲ್ಲೋ ತಟ್ಟುವಿನ ಮೇಲೋ ಇದೇ ರಸ್ತೆಯನ್ನೇರಿ, ಮತ್ತೆ ರೈಲು ಹತ್ತುತ್ತಿದ್ದರು.

ಘಟ್ಟದ ರೈಲುಮಾರ್ಗವು 1863ರಲ್ಲಿ ಪೂರ್ಣವಾಯಿತು. ಸುಮಾರು 16 ಮೈಲಿಗಳಲ್ಲಿ 1831 ಅಡಿ ಏರಿಕೆ, ಅತಿ ಕಡಿದಾದೆಡೆ 37 ಅಡಿಗೆ ಒಂದಡಿ, 25 ಸುರಂಗಗಳು. ಒಂದೆಡೆ ಬೆಟ್ಟದ ಚಾಚಿನ ಮೇಲೆ ಗಾಡಿ ತಿರುಗಲು ಸ್ಥಳವೇ ಇರಲಿಲ್ಲ. ಅಲ್ಲಿ ‘ರಿವರ್ಸಿಂಗ್ ಸ್ಟೇಶನ್’ ಕಟ್ಟಿದರು. ಬಂದ ಗಾಡಿ ಅಲ್ಲಿ ನಿಂತು, ಎಂಜಿನ್ನನ್ನು ಇನ್ನೊಂದು ತುದಿಗೆ ಜೋಡಿಸಿಕೊಂಡು, ಹಿಮ್ಮುಖವಾಗಿ ಹೊರಟು ಘಟ್ಟವನ್ನು ಮುಂದಕ್ಕೆ ಏರುತ್ತಿತ್ತು. 1929ರಲ್ಲಿ ಹೊಸ ಸುರಂಗಗಳ ದಾರಿ ಸಿದ್ಧವಾದ ಮೇಲೆ ಈ ನಿಲ್ದಾಣವೂ ಅದನ್ನು ಕೂಡುವ ಹಳಿಯ ದಾರಿಯೂ ಪರಿತ್ಯಕ್ತವಾದವು.

ಈ ಕೆಲಸದ ಕರ್ತೃಗಳಾರು? ಎಂಜಿನಿಯರ್ ಜೇಮ್ಸ್ ಬರ್ಕ್ಲಿಯ ಹೆಸರನ್ನು ಎಲ್ಲರೂ ಹೇಳುತ್ತಾರೆ. ಅವನು ಕೆಲಸ ಮುಗಿಯುವ ಮೊದಲೇ, 1862ರಲ್ಲಿ, ತೀರಿಕೊಂಡನು. ಮೊದಲ ಗುತ್ತೇದಾರ ಫೇವಿಯೆಲ್ 1859ರಲ್ಲಿ ಗುತ್ತಿಗೆಯನ್ನು ಬಿಟ್ಟುಕೊಟ್ಟನು. ಅದನ್ನು ಹಿಡಿದ ಸಾಲಮನ್ ಟ್ರೆಡ್‌ವೆಲ್ ಭಾರತಕ್ಕೆ ಬಂದ ಕೆಲವೇ ದಿನಗಳಲ್ಲಿ ಮಡಿದಾಗ, ಅವನ ಪತ್ನಿ ಆಲಿಸ್ ಗುತ್ತಿಗೆಯನ್ನು ತಾನೇ ವಹಿಸಿಕೊಂಡು ನಡೆಸಿದಳು. ಇವೆಲ್ಲ ದಾಖಲಾಗಿವೆ. ಕಲ್ಲೊಡೆದವರು ಮಾತ್ರ ಸಂಖ್ಯೆಯಾಗಿ ಉಳಿದಿದ್ದಾರೆ: 1861ರ ಹಂಗಾಮಿನಲ್ಲಿ 40,000ಕ್ಕೂ ಮಿಕ್ಕಿ. ಅವರಲ್ಲಿ ಎಷ್ಟೋ ಜನರನ್ನು ಕಾಲರಾ ಒಯ್ದಿತು. 1859ರ ಜನವರಿಯಲ್ಲಿ ಕೂಲಿಯ ಜಗಳವು ದಂಗೆಯಾಗಿ ಸಿಡಿಯಿತು. ಲೆಕ್ಕದ ಪುಸ್ತಕಗಳ ನಡುವೆಯೇ ದಿನ ಕಳೆಯುವ ನನಗೆ ಇದು ಆಶ್ಚರ್ಯವೆನಿಸುವುದಿಲ್ಲ. ಕೂಲಿಯ ಬಾಕಿ ಖಾತೆಯಲ್ಲಿ ಒಂದು ಸಾಲು. ಬಿಡಾರದಲ್ಲಿ ಅದೇ ಹಸಿವು.

ಪುಣೆಯ ಕನ್ನಡಿಗರು ಇದನ್ನು ಪರರ ಚರಿತ್ರೆಯೆಂದು ತಿಳಿಯಬೇಕಾಗಿಲ್ಲ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿಯ ಆಡಳಿತದಲ್ಲಿದ್ದವು. ಮೊಕದ್ದಮೆಗೆ, ವಿದ್ಯೆಗೆ, ನೌಕರಿಗೆ ಹೊರಟ ನಮ್ಮ ಹಿರಿಯರು ಸಣ್ಣ ಗೇಜಿನ ಗಾಡಿಯಲ್ಲಿ ಪುಣೆಗೆ ಬಂದು, ಇಲ್ಲಿ ಗಂಟುಮೂಟೆ ಇಳಿಸಿ, ದೊಡ್ಡ ಗಾಡಿ ಹತ್ತಿ ಈ ಸುರಂಗಗಳ ಕತ್ತಲನ್ನು ಹಾಯ್ದರು. 1929ಕ್ಕೆ ಮೊದಲು ಹೋದವರೆಲ್ಲ ಆ ರಿವರ್ಸಿಂಗ್ ಸ್ಟೇಶನ್ನಿನಲ್ಲಿ ನಿಂತು, ಬಂದ ದಿಕ್ಕಿಗೇ ಗಾಡಿ ಹೊರಟಿತೇ ಎಂದು ಒಮ್ಮೆ ಬೆರಗಾಗಿರಲೇಬೇಕು. ಅಂಥವರ ಪತ್ರಗಳಾಗಲಿ ದಿನಚರಿಗಳಾಗಲಿ ಯಾರ ಮನೆಯಲ್ಲಾದರೂ ಇದ್ದರೆ ಅವು ಬೆಳಕಿಗೆ ಬರಬೇಕು.

ತ್ವರೆಯ ಕಾರಣವೂ ಉಂಟು. ದ್ರುತಗತಿ ಮಾರ್ಗಕ್ಕೆ ಅಡ್ಡವಾಗಿದ್ದ ಬ್ರಿಟಿಷರ ಕಾಲದ ಕಲ್ಲಿನ ‘ಅಮೃತಾಂಜನ ಸೇತುವೆ’ಯನ್ನು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನಿಂದ ರಸ್ತೆ ಬರಿದಾಗಿದ್ದಾಗ, ಸ್ಫೋಟಿಸಿ ಕೆಡವಿದರು. ಅದರ ಕಂಬಗಳು ವಾಹನಗಳನ್ನು ಇಕ್ಕಟ್ಟಿಗೆ ಸಿಲುಕಿಸುತ್ತಿದ್ದುದು ನಿಜ. ಕೆಡವಿದ್ದನ್ನು ನಾನು ತಪ್ಪೆನ್ನಲಾರೆ. ಆದರೆ ಅದರ ಒಂದು ಕಮಾನಿನ ಅಳತೆಯನ್ನಾದರೂ ನಮ್ಮವರಾರೂ ಬರೆದಿಟ್ಟುಕೊಂಡಿರಲಿಲ್ಲ.