ಹೆಲ್ಮೆಟ್ ಉಳಿಸಿದ್ದು ತಲೆಬುರುಡೆಯನ್ನು ಮಾತ್ರ

2002ರ ಸೆಪ್ಟೆಂಬರ್. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಶವಾಗಾರ. ಅಲ್ಲಿಗೆ ಬಂದಿದ್ದು ಊರಿಗೆ ಊರೇ ಹೊತ್ತು ಮೆರೆಸಿದ್ದ ಫುಟ್ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ ದೇಹ. ವಯಸ್ಸು ಬರೀ 50. ಸ್ಟೀಲರ್ಸ್ ತಂಡದಲ್ಲಿದ್ದು ನಾಲ್ಕು ಸಲ ಸೂಪರ್ ಬೌಲ್ ಗೆದ್ದವನು. ಕೊನೆಗಾಲದಲ್ಲಿ ನೆನಪು ಕೈಕೊಟ್ಟು, ಎಷ್ಟೋ ರಾತ್ರಿ ತನ್ನ ಟ್ರಕ್‌ನಲ್ಲೇ ಮಲಗುತ್ತಿದ್ದ. ಉದುರಿದ ಹಲ್ಲನ್ನು ಗಮ್ ಹಾಕಿ ಅಂಟಿಸಿಕೊಳ್ಳುತ್ತಿದ್ದ. ನೋವು ತಡೆಯಲಾಗದೆ, ಶಾಕ್ ಕೊಡುವ ಟೇಸರ್ ಗನ್ನಿನಿಂದ ತನಗೆ ತಾನೇ ಹೊಡೆದುಕೊಂಡು ನಿದ್ದೆಗೆ ಜಾರುತ್ತಿದ್ದ.

ಅವರ ಫುಟ್ಬಾಲ್ ಅಂದ್ರೆ ನಮ್ಮ ಫುಟ್ಬಾಲ್ ಅಲ್ಲ. ಅಲ್ಲಿ ಡಿಕ್ಕಿಯೇ ಆಟ. ವೆಬ್‌ಸ್ಟರ್ 17 ಸೀಸನ್ ಆಡಿದ. ಅವನ ಕೆಲಸವೇ ತಲೆ ತಗ್ಗಿಸಿ ಎದುರಿಗಿದ್ದ ದೈತ್ಯನನ್ನು ಗುದ್ದುವುದು.

ಮರಣೋತ್ತರ ಪರೀಕ್ಷೆ ಮಾಡಿದ್ದು ನೈಜೀರಿಯಾದಿಂದ ಬಂದಿದ್ದ ಡಾ. ಬೆನೆಟ್ ಒಮಾಲು. ಫುಟ್ಬಾಲ್ ಗಂಧಗಾಳಿ ಅವರಿಗೆ ಇರಲಿಲ್ಲ. ಬಹುಶಃ ಅದೇ ಒಳ್ಳೆಯದಾಯ್ತು. ಹೊರಗಿನಿಂದ ಮಿದುಳು ಸರಿಯಾಗೇ ಕಾಣಿಸಿತು. ಆದರೂ ಬಿಡದೆ, ಸ್ವಂತ ದುಡ್ಡು ಹಾಕಿ ತೆಳುವಾದ ಚೂರುಗಳನ್ನು ಮಾಡಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರು. ಟೌ ಅನ್ನೋ ಪ್ರೋಟೀನ್ ಗಂಟುಗಂಟಾಗಿ ಕಟ್ಟಿಕೊಂಡಿತ್ತು. ಆ ಕಾಯಿಲೆಯ ಹೆಸರು ಸಿಟಿಇ.

ಹೆಲ್ಮೆಟ್ ಇತ್ತಲ್ಲ ಸಾರ್ ಅಂತ ನೀವು ಕೇಳಬಹುದು. ನಾನು ಇಂಜಿನಿಯರಿಂಗ್ ಓದಿದವನು, ಎರಡೇ ಮಾತು ಫಿಸಿಕ್ಸ್ ಹೇಳ್ತೀನಿ, ಚಾನೆಲ್ ಬದಲಾಯಿಸಬೇಡಿ. ಡ್ರೈವರ್ ದಿಢೀರ್ ಬ್ರೇಕ್ ಹಾಕಿದ್ರೆ ಬಸ್ ನಿಲ್ಲುತ್ತೆ, ನಾವು ಮುಂದಿನ ಸೀಟಿಗೆ ಹೋಗಿ ಬಡಿದುಕೊಳ್ತೀವಿ. ತಲೆಬುರುಡೆ ಆ ಬಸ್, ಮಿದುಳು ಒಳಗೆ ನಿಂತ ಪ್ರಯಾಣಿಕ. ಬಸ್ಸಿನ ಹೊರಗೆ ಎಷ್ಟೇ ಗಟ್ಟಿ ಬಂಪರ್ ಕಟ್ಟಿದ್ರೂ ಒಳಗಿನವನು ಬೀಳೋದು ತಪ್ಪಲ್ಲ.

2005ರಲ್ಲಿ ಒಮಾಲು ಮತ್ತು ಸಂಗಡಿಗರು ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಟ ನಡೆಸುವ ಎನ್‌ಎಫ್‌ಎಲ್‌ನ ಸಮಿತಿಯ ವೈದ್ಯರು, ಆ ಲೇಖನ ವಾಪಸ್ ತಗೊಳ್ಳಿ ಅಂದರು! ಕನ್‌ಕಷನ್ ಅಂದರೆ ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗುವುದು. ಅದರ ಅಧ್ಯಯನಕ್ಕೆಂದೇ 1994ರಲ್ಲಿ ಮಾಡಿದ ಈ ಸಮಿತಿಗೆ ಮೊದಲ ಅಧ್ಯಕ್ಷರು ಯಾರು ಗೊತ್ತಾ? ಕೀಲುವಾತದ ಡಾಕ್ಟರು. ನಗಬೇಡಿ, ನಿಜ.

ಇದು ಹೊಸ ವಿಷಯವೂ ಅಲ್ಲ. ಬಾಕ್ಸಿಂಗ್ ಆಡುವವರ ಮಿದುಳು ಹಾಳಾಗುತ್ತೆ ಅಂತ ನ್ಯೂಜೆರ್ಸಿಯ ಡಾ. ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿದ್ದರು.

ನನಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ. ಇದೇ ಲೀಗ್‌ನ ಪಿಂಚಣಿ ಮಂಡಳಿ 1999ರಲ್ಲೇ ವೆಬ್‌ಸ್ಟರ್‌ಗೆ ಅಂಗವೈಕಲ್ಯ ಪರಿಹಾರ ಮಂಜೂರು ಮಾಡಿತ್ತು. ಕಾರಣ? ಆಟದಲ್ಲಿ ತಲೆಗೆ ಬಿದ್ದ ಪೆಟ್ಟು. ಅಂದರೆ ಪಿಂಚಣಿ ಕಡತದಲ್ಲಿ ಒಪ್ಪಿಗೆ, ಆಟಗಾರರ ಮುಂದೆ ನಿರಾಕರಣೆ. ನಡುವಿನ ವರ್ಷಗಳಲ್ಲಿ ಎಷ್ಟು ಹುಡುಗರು ಹೆಲ್ಮೆಟ್ ನಂಬಿ ಮೈದಾನಕ್ಕಿಳಿದರೋ!

ಸಾವಿರಾರು ಮಾಜಿ ಆಟಗಾರರು ಕೋರ್ಟ್‌ಗೆ ಹೋದರು. 2013ರಲ್ಲಿ ಲೀಗ್ ಸಂಧಾನಕ್ಕೆ ಬಂತು, ತಪ್ಪು ಮಾತ್ರ ಒಪ್ಪಿಕೊಳ್ಳಲಿಲ್ಲ. ಫುಟ್ಬಾಲ್‌ಗೂ ಸಿಟಿಇಗೂ ನಂಟಿದೆ ಅಂತ ಅದರ ಹಿರಿಯ ಅಧಿಕಾರಿಯೊಬ್ಬರ ಬಾಯಲ್ಲಿ ಬಂದದ್ದು 2016ರಲ್ಲಿ, ವೆಬ್‌ಸ್ಟರ್ ಸತ್ತು 14 ವರ್ಷಕ್ಕೆ. ಪರಿಹಾರ ಹಂಚುವಾಗಲೂ, ಕಪ್ಪು ಆಟಗಾರರ ಬುದ್ಧಿಶಕ್ತಿ ಮೊದಲಿನಿಂದಲೇ ಕಡಿಮೆ ಅಂತ ಲೆಕ್ಕ ಹಿಡಿದು ಮರೆವಿನ ಕಾಯಿಲೆಯನ್ನು ಅಳೆಯುತ್ತಿದ್ದರು. ಆ ಲೆಕ್ಕ ಕೈಬಿಡುತ್ತೇವೆ ಅಂತ ಲೀಗ್ ಹೇಳಿದ್ದು 2021ರಲ್ಲಿ, ಅದೂ ಆಟಗಾರರು ಮತ್ತು ಅವರ ಹೆಂಡಂದಿರು ಜಗಳಕ್ಕೆ ನಿಂತ ಮೇಲೆ.