ಏಳು ವರ್ಷ ಕಾದ ಸ್ಕೂಟರು

1976ರಲ್ಲಿ ಮುಂಗಡ ಕಟ್ಟಿ ಹೆಸರು ಬರೆಸಿದ ಸ್ಕೂಟರು ನಮ್ಮ ಮನೆಯಂಗಳಕ್ಕೆ ಬಂದದ್ದು 1983ರಲ್ಲಿ. ಅದರ ಹಿಂಬದಿಯಲ್ಲಿ ಕೂರಬೇಕೆಂದು ಆಸೆಪಟ್ಟಿದ್ದ ತಂದೆಯವರು ಅಷ್ಟರಲ್ಲಿ ತೀರಿಕೊಂಡಿದ್ದರು. (ಸರದಿ ಬಂದೊಡನೆ ಒಬ್ಬರು ದುಪ್ಪಟ್ಟು ಬೆಲೆಗೆ ಕೇಳಿದರು, ಕೊಡಲಿಲ್ಲ.)

ಕಾರ್ಖಾನೆಯವರ ಆಲಸ್ಯವೇ ಕಾರಣವೆಂದು ಬಹುಕಾಲ ನಂಬಿದ್ದೆ. ವಾಸ್ತವದಲ್ಲಿ ಉತ್ಪಾದನೆ ಹೆಚ್ಚಿಸಲು ಸರ್ಕಾರದ ಪರವಾನಗಿ ಬೇಕಿತ್ತು. ಅದರ ಮೇಲೆ 1969ರ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯಿದೆ: 20 ಕೋಟಿ ರೂಪಾಯಿಗೆ ಮಿಕ್ಕ ಆಸ್ತಿಯುಳ್ಳ ಉದ್ಯಮ ಸಮೂಹಗಳು ವಿಸ್ತರಣೆಗೆ ಕೇಂದ್ರದ ಪ್ರತ್ಯೇಕ ಒಪ್ಪಿಗೆ ಪಡೆಯಬೇಕಿತ್ತು. ಸಂಪತ್ತು ಕೆಲವರಲ್ಲೇ ಶೇಖರಗೊಳ್ಳಬಾರದೆಂಬ ಉದ್ದೇಶವೇನೋ ಉದಾತ್ತ. ಆದರೆ ಹೊಸಬರಿಗೆ ಪರವಾನಗಿ ದುರ್ಲಭವಾದರೆ, ಇದ್ದವರಿಗೆ ಗ್ರಾಹಕನ ಭಯವೆಲ್ಲಿ? ಆ ಕಾಯಿದೆಯನ್ನು ಹೊಗಳಿಯೇ ನಾನು ಪಾಠ ಮಾಡಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

1985ರಲ್ಲಿ ಮಿತಿ 100 ಕೋಟಿಗೇರಿತು. 1991ರಲ್ಲಿ ಆ ಮಿತಿಯೂ, ಬಹುಪಾಲು ಪರವಾನಗಿಗಳೂ ರದ್ದಾದವು. 2002ರ ಸ್ಪರ್ಧಾ ಕಾಯಿದೆಯ ದೃಷ್ಟಿಯೇ ಬೇರೆ: ದೊಡ್ಡದಾಗಿರುವುದು ತಪ್ಪಲ್ಲ, ದೊಡ್ಡತನದ ದುರುಪಯೋಗ ತಪ್ಪು, ಮಾರಾಟಗಾರರು ಒಳಗೊಳಗೇ ಕೂಡಿ ಬೆಲೆ ನಿಗದಿಮಾಡುವುದು ತಪ್ಪು. 2009ರಲ್ಲಿ ಹಳೆಯ ಕಾಯಿದೆ ಕೊನೆಗೊಂಡಿತು.

ಈಚೆಗೆ ಮೊಮ್ಮಗಳು ಬೆಳಿಗ್ಗೆ ಅಂಗಡಿಗೆ ಹೋದವಳು ಸಂಜೆ ಸ್ಕೂಟರಿನಲ್ಲೇ ಮರಳಿದಳು. ನನ್ನ 1976ರ ರಸೀದಿಯನ್ನು ತೋರಿಸಿದೆ. ಏಳು ವರ್ಷವೆಂದರೆ ಅವಳು ನಂಬಲೇ ಇಲ್ಲ.